ವಾಹನದ ವಿಷಮಜ್ವರ: ಕಾರಣಪರೀಕ್ಷೆಯ ಒಂದು ಪಾಠ

ಆಯುರ್ವೇದದಲ್ಲಿ ವಿಷಮಜ್ವರವೆಂಬ ವ್ಯಾಧಿಯೊಂದನ್ನು ವಿವರಿಸಿದ್ದಾರೆ. ಒಂದೇ ಸಮನೆ ಕಾಯದೆ, ಬಂದಂತೆ ಹೋಗಿ ಹೋದಂತೆ ಮರಳುವ ಜ್ವರವದು. ದಿನ ಬಿಟ್ಟು ದಿನ ಬರುವುದಕ್ಕೆ ತೃತೀಯಕವೆಂದೂ, ನಡುವೆ ಎರಡು ದಿನ ಬಿಟ್ಟು ಬರುವುದಕ್ಕೆ ಚತುರ್ಥಕವೆಂದೂ ಹೆಸರು. ಜ್ವರವಿಲ್ಲದ ದಿನ ರೋಗಿಯು ಸ್ವಸ್ಥನಂತೆ ತೋರಿದರೂ ದೋಷವು ಒಳಗೆ ಲೀನವಾಗಿರುತ್ತದೆಯೇ ಹೊರತು ನಿರ್ಮೂಲವಾಗಿರುವುದಿಲ್ಲ. ಮೋಟಾರು ಕಾರಿಗೂ ಇಂಥದೊಂದು ವ್ಯಾಧಿಯುಂಟು. ನಿನ್ನೆ ಸುಲಭವಾಗಿ ಹೊರಟ ವಾಹನ ಇಂದು ಹೊರಡದು. ಮೆಕ್ಯಾನಿಕ್ ಬಂದು ಕೀಲಿ ತಿರುಗಿಸಿದೊಡನೆ ಏನೂ ನಡೆಯದಂತೆ ಹೊರಟುಬಿಡುವುದು. ಈ ವ್ಯಾಧಿಯ ನಿದಾನಕ್ರಮವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ವ್ಯಾಕರಣ ಪಾಠ ಹೇಳುವವನಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರ್ಯವನ್ನು ಕಂಡು ಕಾರಣವನ್ನು ನಿಶ್ಚಯಿಸುವ ಮಾರ್ಗವು ಎಲ್ಲ ಶಾಸ್ತ್ರಗಳಿಗೂ ಸಮಾನವೆಂಬುದೇ ಅದಕ್ಕೆ ಉತ್ತರ.

ನಮ್ಮ ಚಂದಾಪುರದವರಿಗೆ ಇದು ವಿನೋದದ ವಿಷಯವಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಗೆ ನಾಂದಿ ಹಾಡಿದ ಮೇಲೆ, ಬೊಮ್ಮಸಂದ್ರ, ಜಿಗಣಿಗಳಲ್ಲಿ ಕೈಗಾರಿಕೆಗಳು ಬೆಳೆದ ಮೇಲೆ, ಹೊಸೂರು ಹೆದ್ದಾರಿಯ ಈ ಊರಿನಲ್ಲಿ ವಾಹನವು ಅನೇಕ ಮನೆಗಳ ನಿತ್ಯಾವಶ್ಯಕತೆಯಾಗಿದೆ. ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದಾಗ ಬೊಮ್ಮಸಂದ್ರದ ಆಸ್ಪತ್ರೆಗೆ ಹೊರಡಬೇಕಾದವನಿಗೆ, "ಹತ್ತು ಸಲದಲ್ಲಿ ಒಂಬತ್ತು ಸಲ ಹೊರಡುತ್ತದೆ" ಎಂಬ ಮಾತು ಸಮಾಧಾನವಾದೀತೆ? ಪೂರ್ಣ ಕೆಟ್ಟ ವಾಹನವನ್ನು ಯಾರೂ ನೆಚ್ಚುವುದಿಲ್ಲ; ಅರೆಗೆಟ್ಟ ವಾಹನವು ನಂಬಿಸಿ ಕೈಬಿಡುತ್ತದೆ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. ಹಿಂದೆ ಎಂಜಿನನ್ನು ಕಬ್ಬಿಣದ ಹಿಡಿಯಿಂದ ಕೈಯಲ್ಲೇ ತಿರುವಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ವಿದ್ಯುತ್ ಸ್ಟಾರ್ಟರನ್ನು ರೂಪಿಸಿದನು. ಮರುವರ್ಷದ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಳಕೆಗೆ ಬಂದಿತು. ಇಂದಿಗೂ ತತ್ತ್ವ ಅದೇ. ಕೀಲಿಯ ಆಜ್ಞೆಯು ರಿಲೇ ಮೂಲಕ ಸೊಲೆನಾಯ್ಡಿಗೆ ಮುಟ್ಟುತ್ತದೆ. ಸೊಲೆನಾಯ್ಡ್ ದಪ್ಪ ತಂತಿಯ ದಾರಿಯನ್ನು ತೆರೆಯುತ್ತದೆ. ಬ್ಯಾಟರಿಯ ಶಕ್ತಿಯಿಂದ ಸ್ಟಾರ್ಟರ್ ಮೋಟಾರು ಎಂಜಿನನ್ನು ತಿರುಗಿಸುತ್ತದೆ. ಆಗ ಪೆಟ್ರೋಲು, ಗಾಳಿ, ಕಿಡಿ ಇವು ಸಕಾಲಕ್ಕೆ ಕೂಡಿದರೆ ಎಂಜಿನು ಸ್ವತಃ ಓಡತೊಡಗುತ್ತದೆ. ಡೀಸೆಲ್ ಎಂಜಿನಿಗೆ ಕಿಡಿ ಬೇಡ. ಒತ್ತಿದ ಗಾಳಿಯ ಕಾವೇ ಸಾಕು.

ಆದುದರಿಂದ "ಹೊರಡುವುದಿಲ್ಲ" ಎಂಬ ಒಂದೇ ಮಾತಿನಲ್ಲಿ ಮೂರು ಭಿನ್ನ ಲಕ್ಷಣಗಳು ಅಡಗಿವೆ. ಕೀಲಿ ತಿರುಗಿಸಿದಾಗ ಮೌನ ಅಥವಾ ಒಂದು 'ಟಕ್' ಎಂಬ ಶಬ್ದ ಮಾತ್ರ ಬರುವುದು ಮೊದಲನೆಯದು. ಎಂಜಿನು ಆಯಾಸಪಟ್ಟು ನಿಧಾನವಾಗಿ ತಿರುಗುವುದು ಎರಡನೆಯದು. ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿರುವುದು ಮೂರನೆಯದು. ಮೊದಲೆರಡರಲ್ಲಿ ಬ್ಯಾಟರಿ, ತಂತಿಗಳ ಸಂಧಿ, ಸ್ಟಾರ್ಟರು, ರಿಲೇಗಳನ್ನು ಶಂಕಿಸಬೇಕು. ಮೂರನೆಯದರಲ್ಲಿ ಇಂಧನವನ್ನೂ ಕಿಡಿಯನ್ನೂ, ಹೊಸ ಕಾರುಗಳಾದರೆ ಎಂಜಿನಿನ ಭ್ರಮಣವನ್ನು ಗುರುತಿಸುವ ಸೆನ್ಸರನ್ನೂ, ಕಳ್ಳರ ತಡೆಗಾಗಿ ಕೀಲಿಯಲ್ಲಿಟ್ಟ ಗುರುತನ್ನೂ ವಿಚಾರಿಸಬೇಕು. ಲಕ್ಷಣಭೇದವನ್ನು ತಿಳಿಯದೆ ಚಿಕಿತ್ಸೆಗೆ ತೊಡಗುವುದು ದ್ರವ್ಯನಾಶಕ್ಕೆ ದಾರಿ.

ಮುಂದಿನದು ಅನ್ವಯ-ವ್ಯತಿರೇಕ ವಿಚಾರ. ಯಾವುದು ಇದ್ದಾಗ ದೋಷವಿರುವುದೋ, ಇಲ್ಲದಾಗ ದೋಷವೂ ಇಲ್ಲವೋ, ಅದನ್ನೇ ಕಾರಣವೆಂದು ಗ್ರಹಿಸುವುದು ತಾರ್ಕಿಕರ ಮಾರ್ಗ. ಇದಕ್ಕೆ ಕಾರಿನಲ್ಲೊಂದು ಚಿಕ್ಕ ಪುಸ್ತಕವಿರಬೇಕು. ವಾಹನ ಮುನಿದ ದಿನ, ಹೊತ್ತು, ಎಂಜಿನು ಬಿಸಿಯಾಗಿತ್ತೇ ತಣ್ಣಗಿತ್ತೇ, ಎಷ್ಟು ಕಾಲ ನಿಂತಿತ್ತು, ಮಳೆ ಬಂದಿತ್ತೇ, ಯಾವ ಶಬ್ದವಾಯಿತು, ದೀಪ ಮಂಕಾಯಿತೇ ಎಂಬುದನ್ನು ಬರೆದಿಡಬೇಕು. ಐದಾರು ಸಲದ ದಾಖಲೆಯಿಂದ ಒಂದು ಕ್ರಮ ಗೋಚರಿಸುವುದುಂಟು. ಮಾಗಿಯ ಮುಂಜಾವಿನಲ್ಲಿ ಮಾತ್ರ ಸೋತರೆ ಬ್ಯಾಟರಿಯ ದೌರ್ಬಲ್ಯ ಶಂಕಾಸ್ಪದ. ಚಳಿಯಲ್ಲಿ ಅದರ ಬಲ ಕುಗ್ಗುತ್ತದೆ. ಬಿಸಿಲಲ್ಲಿ ಓಡಿ ನಿಂತು, ಕಾಲು ಗಂಟೆಯೊಳಗೆ ಮತ್ತೆ ಹೊರಡದೆ, ತಣಿದ ಮೇಲೆ ಹೊರಟರೆ ಕಾವಿಗೆ ಸೋಲುವ ಸೆನ್ಸರೋ ಕಾಯಿಲೋ ಕಾರಣವಾಗಿರಬಹುದು; ಹಳೆಯ ಕಾರ್ಬುರೇಟರ್ ಕಾರುಗಳಲ್ಲಿ ಪೆಟ್ರೋಲು ನಳಿಗೆಯಲ್ಲೇ ಆವಿಯಾಗಿ ದಾರಿ ಕಟ್ಟುವುದೂ ಉಂಟು. ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವ ಅಲ್ಪ ದೂರವನ್ನು ವಾಹನಗಳ ದಟ್ಟಣೆಯಲ್ಲಿ, ದೀಪ ಮತ್ತು ಹವಾನಿಯಂತ್ರಣಗಳನ್ನು ಹಚ್ಚಿಕೊಂಡು, ತೆವಳಿ ಮುಗಿಸುವ ಕಾರಿನ ಬ್ಯಾಟರಿಗೆ ವ್ಯಯ ಹೆಚ್ಚು, ಆಯ ಕಡಿಮೆ. ಇದೂ ಒಂದು ಕಾರಣ.

ಇನ್ನು ಅಳತೆಯ ಮಾತು. ಅಂಗಡಿಯಲ್ಲಿ ಸುಲಭವಾಗಿ ದೊರಕುವ ಮಲ್ಟಿಮೀಟರು ಇದಕ್ಕೆ ಸಾಕು. ಕೆಲವು ಗಂಟೆ ನಿಂತ ವಾಹನದಲ್ಲಿ, ತುಂಬಿದ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಬೇಕು, 12.2 ಎಂದರೆ ಸುಮಾರು ಅರ್ಧ ಬರಿದಾಗಿದೆಯೆಂದು ತಿಳಿಯಬೇಕು. ಸ್ಟಾರ್ಟರು ತಿರುಗುವಾಗ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲ. ಎಂಜಿನು ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರವರೆಗೆ ಇರದಿದ್ದರೆ ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರನ್ನು ಪರೀಕ್ಷಿಸಬೇಕು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಗೃಹಸ್ಥನ ಕಾರು ವಾರಕ್ಕೊಮ್ಮೆ 'ಟಕ್' ಎಂದು ಸುಮ್ಮನಾಗುತ್ತದೆ. ಹೆಡ್‌ಲೈಟು ಮಾತ್ರ ಉಜ್ವಲವಾಗಿಯೇ ಇರುತ್ತದೆ. ಅವನು ಹೊಸ ಬ್ಯಾಟರಿ ಹಾಕಿಸುತ್ತಾನೆ. ಆ ಕೆಲಸದಲ್ಲಿ ತಂತಿಗಳು ಅಲುಗಿ ಬಿಗಿಯಾಗುತ್ತವೆ; ಒಂದು ತಿಂಗಳು ಕಾರು ಸರಿಯಾಗಿ ನಡೆಯುತ್ತದೆ. ಕೀರ್ತಿ ಬ್ಯಾಟರಿಗೆ ಸಲ್ಲುತ್ತದೆ. ಬಳಿಕ ಅದೇ 'ಟಕ್'. ಕಾಗೆ ಕುಳಿತ ಕ್ಷಣದಲ್ಲೇ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆಂದು ತಿಳಿಯುವ ಕಾಕತಾಲೀಯವೆಂದರೆ ಇದೇ ಅಲ್ಲವೆ?

ನಿಜವಾದ ದೋಷವಿದ್ದುದು ಎಂಜಿನನ್ನು ಬ್ಯಾಟರಿಯ ಋಣಧ್ರುವಕ್ಕೆ ಕೂಡಿಸುವ ಅರ್ತ್ ತಂತಿಯ ತುಕ್ಕುಹಿಡಿದ ಸಂಧಿಯಲ್ಲಿ. ಅಲ್ಲಿ 0.02 ಓಮ್ ತಡೆ ಹುಟ್ಟಿದೆಯೆಂದು ಎಣಿಸಿರಿ. ಸ್ಟಾರ್ಟರಿಗೆ 150 ಆಂಪಿಯರ್ ಬೇಕಾದರೆ ಆ ಸಂಧಿಯಲ್ಲೇ 3 ವೋಲ್ಟ್ ವ್ಯರ್ಥವಾಗುತ್ತದೆ. ಹೆಡ್‌ಲೈಟುಗಳೆರಡೂ ಸೇರಿ ಎಳೆಯುವುದು ಸುಮಾರು 9 ಆಂಪಿಯರ್ ಮಾತ್ರ. ಅಷ್ಟಕ್ಕೆ ಆ ತಡೆಯಲ್ಲಿ ನಷ್ಟ 0.2 ವೋಲ್ಟಿಗೂ ಕಡಿಮೆ. ಮೇಲಾಗಿ ದೀಪದ ದಾರಿಯು ಬಹುಮಟ್ಟಿಗೆ ಕಾರಿನ ಮೈಯ ಮೂಲಕವೇ ಹೊರತು ಎಂಜಿನಿನ ಮೂಲಕವಲ್ಲ. "ದೀಪ ಉರಿಯುತ್ತಿದೆ, ಆದ್ದರಿಂದ ತಂತಿಗಳೆಲ್ಲ ಸರಿ" ಎಂಬ ಅನುಮಾನವು ಹೇತ್ವಾಭಾಸವೆಂಬುದು ಇದರಿಂದ ಸಿದ್ಧ.

ಇದನ್ನು ಹಿಡಿಯುವ ಉಪಾಯ ಸರಳ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಕೀಲಿ ತಿರುಗಿಸುವಾಗ ಇನ್ನೊಬ್ಬರು ಬೆಲ್ಟು, ಫ್ಯಾನುಗಳಿಂದ ಕೈ ದೂರವಿಟ್ಟು ಎಂಜಿನಿನ ಲೋಹಕ್ಕೂ ಬ್ಯಾಟರಿಯ ಋಣಧ್ರುವಕ್ಕೂ ನಡುವಣ ವೋಲ್ಟನ್ನು ಅಳೆಯಬೇಕು. ಅದು 0.2, 0.3ರೊಳಗಿದ್ದರೆ ಕ್ಷೇಮ; 2 ಅಥವಾ 3 ಬಂದರೆ ದೋಷ ಸಿಕ್ಕಿದಂತೆ. ಅದೇ ಎರಡು ಸ್ಥಾನಗಳ ನಡುವೆ ದಪ್ಪನೆಯ ಬೇರೊಂದು ತಂತಿಯನ್ನು ಕೂಡಿಸಿದಾಗ ಹೊರಟು, ತೆಗೆದಾಗ ಮುನಿದು, ಮತ್ತೆ ಕೂಡಿಸಿದಾಗ ಹೊರಟರೆ ಅನ್ವಯ-ವ್ಯತಿರೇಕಗಳೆರಡೂ ಪೂರ್ಣವಾದವು. ಔಷಧವು ಒಗ್ಗುವುದರಿಂದ ರೋಗವನ್ನು ಗುರುತಿಸುವ ಈ ಕ್ರಮಕ್ಕೆ ವೈದ್ಯರು ಉಪಶಯವೆನ್ನುತ್ತಾರೆ.

ಇಲ್ಲಿ ಮುಖ್ಯವಾದ ಎಚ್ಚರಿಕೆಯೊಂದುಂಟು. ವಾಹನ ಹೊರಡದಿದ್ದಾಗ ಟರ್ಮಿನಲನ್ನು ತಟ್ಟುವುದು, ತಂತಿಯನ್ನು ಅಲುಗಿಸುವುದು, ನಾಲ್ಕು ಜನ ಸೇರಿ ತಳ್ಳುವುದು ನಮ್ಮ ವಾಡಿಕೆ. ಹಾಗೆ ಮಾಡಿದಾಗ ಸಡಿಲವಾದ ಸಂಧಿ ಕ್ಷಣಕಾಲ ಕೂಡಿಕೊಂಡು ಕಾರು ಹೊರಡಬಹುದು. ಆದರೆ ಸಾಕ್ಷ್ಯವು ನಾಶವಾಯಿತು. ಆದ್ದರಿಂದ ಮುಟ್ಟುವ ಮೊದಲು ನೋಡಬೇಕು, ಅಲುಗಿಸುವ ಮೊದಲು ಅಳೆಯಬೇಕು, ಬದಲಿಸುವುದಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಒಂದೇ ದಿನ ಬ್ಯಾಟರಿ, ರಿಲೇ, ಪ್ಲಗ್ಗುಗಳನ್ನೆಲ್ಲ ಬದಲಾಯಿಸಿದವನಿಗೆ ಕಾರು ಸರಿಹೋದರೂ ಕಾರಣ ತಿಳಿಯದು. ಸರಿಹೋಗದಿದ್ದರೆ ಹಣವೂ ಹೋಯಿತು, ಕಾರಣವೂ ತಿಳಿಯದು.

ವಿದ್ಯುತ್ ಕಾರು ಬಂದರೆ ಈ ಚಿಂತೆ ತೀರುವುದೆಂದು ಕೆಲವರ ಎಣಿಕೆ. ನಮ್ಮ ನೆರೆಯ ಬೊಮ್ಮಸಂದ್ರದಲ್ಲೇ ತಯಾರಾದ ರೇವಾ ಎಂಬ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಇಂಥ ಕಾರುಗಳಿಗೆ ಸ್ಟಾರ್ಟರ್ ಇಲ್ಲವೆಂಬುದು ದಿಟ. ಆದರೂ ಇಂದಿನ ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದಿರುತ್ತದೆ. ಅದು ಬತ್ತಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ವಾಹನ ಎಚ್ಚರಗೊಳ್ಳದು. ಯಂತ್ರ ಬದಲಾದರೂ ಪರೀಕ್ಷಾಕ್ರಮ ಬದಲಾಗದು.

ಉಪಾಧ್ಯಾಯ ಬಂಧುಗಳು ಪ್ರೌಢಶಾಲೆಯ ವಿದ್ಯುತ್ ಪಾಠವನ್ನು ಮುಗಿಸಿದ ಮೇಲೆ ಶಾಲೆಯ ವಾಹನದ ಬಳಿಗೆ ಮಕ್ಕಳನ್ನು ಕರೆದೊಯ್ದು ಈ ಅಳತೆಗಳನ್ನು ತಾವೇ ಮಾಡಿ ತೋರಿಸಿದರೆ, ಓಮನ ನಿಯಮವೂ ಕಾರ್ಯಕಾರಣವಿವೇಕವೂ ಒಂದೇ ಗಂಟೆಯಲ್ಲಿ ಮನದಟ್ಟಾಗುವುವು. ವಾಹನವುಳ್ಳ ಹಳೆಯ ವಿದ್ಯಾರ್ಥಿಗಳು ಒಂದು ಮೀಟರನ್ನೂ ಒಂದು ಪುಸ್ತಕವನ್ನೂ ಕಾರಿನಲ್ಲಿಟ್ಟುಕೊಳ್ಳಲಿ. ಕಾರು ಹೊರಡದ ಗಳಿಗೆಯು ಅದರ ದೋಷವು ತಾನಾಗಿ ಬೆಳಕಿಗೆ ಬರುವ ಗಳಿಗೆಯೂ ಹೌದು. ಅದನ್ನು ಕೋಪದಲ್ಲಿ ಕಳೆಯದೆ ಪರೀಕ್ಷೆಗೆ ಬಳಸಿದವನಿಗೆ ಮುಂದಿನ ನಡುರಾತ್ರಿಯ ಭಯವಿರಲಾರದು.