ಕಣ್ಣಿನ ಪೊರೆ ಔಷಧಿಯಿಂದ ಕರಗುವುದೇ?

ದಂಪತಿಗಳೇ, ನಿಮ್ಮ ಮನೆಯ ಹಿರಿಯರು ಹಗಲಿನಲ್ಲಿಯೂ ಗೋಡೆ ಹಿಡಿದು ನಡೆಯುವರೇ? ಅಕ್ಕಿಯಲ್ಲಿನ ಕಲ್ಲು ಅವರಿಗೆ ಕಾಣದೇ? ದೀಪದ ಬೆಳಕು ಚೆದರಿದಂತೆ ತೋರುವುದೆಂದು ಹೇಳುವರೇ? ಹಾಗಿದ್ದಲ್ಲಿ ಅವರಿಗೆ ಕಣ್ಣಿನ ಪೊರೆ ಬಂದಿರುವ ಸಂಭವವುಂಟು. ಶಸ್ತ್ರಚಿಕಿತ್ಸೆಗೆ ಹೆದರಿ, “ಕಣ್ಣಿಗೆ ಹನಿ ಹಾಕಿದರೆ ಸಾಲದೇ?” ಎಂದು ಕೇಳುವವರು ಅನೇಕರು. ಹಿರಿಯರನ್ನು ಆಸ್ಪತ್ರೆಗೆ ಕರೆತರುವವರು ನೀವೇ ಆದುದರಿಂದ, ಇದಕ್ಕೆ ಸರಿಯಾದ ಉತ್ತರವನ್ನು ನೀವು ತಿಳಿದಿರಬೇಕು.

ಪೊರೆ ಎಂದರೇನು?

ಪೊರೆಯು ಕಣ್ಣಿನ ಮೇಲೆ ಬೆಳೆದ ತೆಳುಪದರವಲ್ಲ. ಕಣ್ಣುಪಾಪೆಯ ಹಿಂದೆ ಗಾಜಿನಂತೆ ತಿಳಿಯಾದ ಮಸೂರವೊಂದಿದೆ. ನೀರು ಮತ್ತು ಸಸಾರಜನಕಗಳೇ ಅದರ ಮುಖ್ಯ ಅಂಶಗಳು. ವಯಸ್ಸಾದಂತೆ ಸಸಾರಜನಕದ ಕಣಗಳು ಗುಂಪುಗೂಡಿ ಮಸೂರವು ಮಬ್ಬಾಗುತ್ತದೆ. ಇದೇ ಪೊರೆ. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಇದು ಬೇಗನೆ ಬರಬಹುದು. ಮೊಟ್ಟೆಯ ತಿಳಿಲೋಳೆ ಬೆಂದು ಬೆಳ್ಳಗಾದ ಮೇಲೆ ಮತ್ತೆ ತಿಳಿಯಾಗದು. ಪೊರೆಯ ಸ್ಥಿತಿಯೂ ಬಹುಮಟ್ಟಿಗೆ ಹಾಗೆಯೇ.

ಔಷಧಿಯ ವಿಚಾರ

ಪೊರೆಯನ್ನು ಕರಗಿಸುವ ಔಷಧಿಗಾಗಿ ವಿಜ್ಞಾನಿಗಳು ಶ್ರಮಿಸುತ್ತಲೇ ಇದ್ದಾರೆ. ಲ್ಯಾನೊಸ್ಟೆರಾಲ್ ಎಂಬ ವಸ್ತುವು ನಾಯಿಗಳ ಕಣ್ಣಿನ ಪೊರೆಯನ್ನು ತಿಳಿಗೊಳಿಸಿತೆಂಬ ವರದಿ 2015ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬೆಂಗಳೂರಿನ ನೇತ್ರತಜ್ಞರು, ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಮನುಷ್ಯರ ಪೊರೆಯನ್ನು ಆ ವಸ್ತುವಿನ ದ್ರಾವಣದಲ್ಲಿ ಇರಿಸಿ ಪರೀಕ್ಷಿಸಿದರು, ಪೊರೆಯು ತಿಳಿಯಾಗಲಿಲ್ಲ. ಮನುಷ್ಯರ ಪೊರೆಯನ್ನು ಕರಗಿಸುವುದೆಂದು ಸಿದ್ಧಪಟ್ಟ ಹನಿಯಾಗಲಿ, ಗುಳಿಗೆಯಾಗಲಿ, ಲೇಪವಾಗಲಿ ಇಂದಿಗೂ ಇಲ್ಲ. ಆರಂಭದಲ್ಲಿ ಕನ್ನಡಕ ಬದಲಿಸಿದರೆ ಕೆಲಕಾಲ ಅನುಕೂಲವಾಗಬಹುದು; ಪೊರೆ ಮಾತ್ರ ಹೋಗದು.

ತಡಮಾಡಿದರೆ ಅಪಾಯ

ಜೇನು, ಎದೆಹಾಲು, ಸೊಪ್ಪಿನ ರಸಗಳನ್ನು ಕಣ್ಣಿಗೆ ಹಾಕಿದರೆ ಸೋಂಕು ತಗುಲಿ ಕರಿಗುಡ್ಡೆಯ ಮೇಲೆ ಹುಣ್ಣಾಗಬಹುದು. ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಹನಿಗಳನ್ನು ಬಹುಕಾಲ ಹಾಕಿಕೊಂಡರೆ, ಅದರಿಂದಲೇ ಪೊರೆ ಬರುವುದಲ್ಲದೆ ಕಣ್ಣಿನ ಒತ್ತಡವೂ ಏರಬಹುದು. ಪೊರೆ ಅತಿಯಾಗಿ ಬಲಿತಾಗಲೂ ಒತ್ತಡ ಏರಿ, ತೀವ್ರ ನೋವು ಕಾಣಿಸಿಕೊಂಡು, ದೃಷ್ಟಿಯು ಶಾಶ್ವತವಾಗಿ ನಷ್ಟವಾಗಬಹುದು. ಆದ್ದರಿಂದ “ಪೊರೆ ಹಣ್ಣಾಗಲಿ” ಎಂದು ಕಾಯಬೇಕಾಗಿಲ್ಲ. ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದೊಡನೆ ನೇತ್ರತಜ್ಞರಿಗೆ ತೋರಿಸಿರಿ.

ಶಸ್ತ್ರಚಿಕಿತ್ಸೆ

ಕಣ್ಣನ್ನು ಮರಗಟ್ಟಿಸಿ, ಮಬ್ಬಾದ ಮಸೂರವನ್ನು ತೆಗೆದು, ಅದರ ಸ್ಥಾನದಲ್ಲಿ ಕೃತಕ ಮಸೂರವನ್ನು ಇಡುತ್ತಾರೆ. ಕೃತಕ ಮಸೂರವನ್ನು ಮೊದಲು ಅಳವಡಿಸಿದವರು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಮನೆಗೆ ಮರಳಬಹುದು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ.

ಹನಿ ಔಷಧಿಗೆ ನಿಜವಾದ ಸ್ಥಾನವಿರುವುದು ಶಸ್ತ್ರಚಿಕಿತ್ಸೆಯ ಅನಂತರ. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಸಲ, ಕೈ ತೊಳೆದುಕೊಂಡು ಹನಿ ಹಾಕಿರಿ. ಕಣ್ಣನ್ನು ಉಜ್ಜಬಾರದು, ಕೊಳೆನೀರು, ಹೊಗೆ, ಧೂಳು ತಾಗಿಸಬಾರದು. ನೋವು ಹೆಚ್ಚಿದರೆ, ಕಣ್ಣು ಕೆಂಪಾದರೆ, ದೃಷ್ಟಿ ಕುಂದಿದರೆ ಒಡನೆಯೇ ಆಸ್ಪತ್ರೆಗೆ ಬನ್ನಿರಿ.

ದಂಪತಿಗಳ ಕರ್ತವ್ಯ

ತಂದೆಯ ಕಣ್ಣಿನಷ್ಟೇ ತಾಯಿಯ ಕಣ್ಣೂ ಮುಖ್ಯ. “ಮನೆಯೊಳಗೇ ಇರುವವರಲ್ಲವೇ, ಸುಗ್ಗಿ ಮುಗಿಯಲಿ” ಎಂದು ಅತ್ತೆಯವರ ಚಿಕಿತ್ಸೆಯನ್ನು ಮುಂದೂಡಬೇಡಿರಿ. ಕಣ್ಣು ಕಾಣದವರು ಒಲೆಯ ಬಳಿ ಸುಟ್ಟುಕೊಳ್ಳುವುದೂ, ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದೂ ಉಂಟು. ಎಳೆಯ ಮಕ್ಕಳಿಗೂ ಪೊರೆ ಬರಬಹುದು. ಮಗುವಿನ ಕಣ್ಣುಪಾಪೆ ಬೆಳ್ಳಗೆ ಕಂಡರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹನಿಯನ್ನು ನಂಬಿ ಕಾಲ ಕಳೆಯಬೇಡಿರಿ. ಈ ವಾರವೇ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ ವಿಚಾರಿಸಿ, ಮನೆಯ ಹಿರಿಯರ ಕಣ್ಣು ಪರೀಕ್ಷೆ ಮಾಡಿಸಿರಿ.