ನಿಲ್ಲಿಸುವ ಹಕ್ಕು ವಾಲಗದವನಿಗೂ ಇದೆ

ವಾಲಗ ಗೊತ್ತುಮಾಡಲು ಬರುವವರು ಎರಡು ಮಾತು ಕೇಳುತ್ತಾರೆ. ಎಷ್ಟಕ್ಕೆ ಬರ್ತೀರಿ? ಎಷ್ಟೊತ್ತಿಗೆ ಬರ್ತೀರಿ? ಎಷ್ಟೊತ್ತಿಗೆ ಬಿಟ್ಟುಕೊಡಬೇಕು ನಿಮ್ಮನ್ನ ಎಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಆ ಮೂರನೇ ಮಾತು ಯಾರ ಬಾಯಲ್ಲೂ ಬಾರದ್ದಕ್ಕೇ ನನ್ನ ಭಾವ ಸಾವಿನ ಬಾಗಿಲಿಗೆ ಹೋಗಿ ಬಂದದ್ದು. ನಾಗಸ್ವರ ಹಿಡಿದ ಹೊಸ ಹುಡುಗರು, ಡೋಲು ಹೆಗಲಿಗೇರಿಸಿದವರು, ಅವರನ್ನು ಕರೆಸುವ ದೇವಸ್ಥಾನದವರು, ಮದುವೆ ಮನೆಯವರು ಎಲ್ಲರೂ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ನಾಗಸ್ವರ, ಭಾವನದು ಡೋಲು. ಅಕ್ಕನ ಮದುವೆಯಾದ ವರ್ಷದಿಂದಲೇ ನಾವಿಬ್ಬರೂ ಜೋಡಿ. ಮಂಡ್ಯ, ಮೈಸೂರು ಸೀಮೆಯಲ್ಲಿ ನಮ್ಮನ್ನು ಒಬ್ಬೊಬ್ಬರಾಗಿ ಕರೆದವರಿಲ್ಲ. ಶಿವರಾತ್ರಿ ಕಳೆದರೆ ನಮಗೆ ಸುಗ್ಗಿ. ನಂಜನಗೂಡಿನ ದೊಡ್ಡ ಜಾತ್ರೆ, ಮೇಲುಕೋಟೆಯ ವೈರಮುಡಿ ಬಂತೆಂದರೆ ಸೀಮೆಯಲ್ಲಿ ತೇರಿನ ಕಾಲ ಶುರುವಾಯಿತೆಂದೇ ಲೆಕ್ಕ. ಅಲ್ಲಿಂದ ಊರೂರಿನ ತೇರು, ಜೊತೆಜೊತೆಗೆ ಮದುವೆ. ಆಷಾಢ ಹುಟ್ಟಿದರೆ ಎಲ್ಲ ಬಂದ್. ಆ ನಾಲ್ಕು ತಿಂಗಳಲ್ಲಿ ದುಡಿದದ್ದರಲ್ಲೇ ವರ್ಷದ ಬಹುಪಾಲು ಸಾಗಬೇಕು. ಇದು ಗೊತ್ತಿಲ್ಲದವರು, ಅಷ್ಟು ಬಿಸಿಲಲ್ಲಿ ಯಾಕೆ ಒಪ್ಪಿಕೊಂಡಿರಿ ಎಂದು ನಮ್ಮನ್ನೇ ಕೇಳುತ್ತಾರೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಒಂದು ಸೀಸನ್ ಪೂರ್ತಿ ಹೋಯಿತು. 2021ರಲ್ಲಿ ಏಪ್ರಿಲ್ 27ರಿಂದ ಮತ್ತೆ ಎಲ್ಲ ಮುಚ್ಚಿ ಎರಡನೆಯದೂ ಹೋಯಿತು. ಕಲಾವಿದರಿಗೆ ತಲಾ 3,000 ರೂಪಾಯಿ ಎಂದು ಸರ್ಕಾರ ಘೋಷಿಸಿತು. ಎರಡು ವರ್ಷದ ಸಾಲದ ಎದುರು ಅದು ಯಾವ ಮೂಲೆಗೆ? ಆ ಸಾಲ ತೀರಿಸುತ್ತಿರುವಾಗಲೇ 2024 ಬಂತು. ಆ ವರ್ಷ ಏಪ್ರಿಲ್ ಕೊನೆಗೆ ಶುಕ್ರ ಅಸ್ತ, ಮೇ ಮೊದಲ ವಾರದಲ್ಲಿ ಗುರು ಅಸ್ತ. ಮೌಢ್ಯವೆಂದು ಮೇ, ಜೂನ್ ಎರಡೂ ತಿಂಗಳು ಪುರೋಹಿತರು ಮುಹೂರ್ತ ಇಡಲಿಲ್ಲ. ಇದ್ದಬದ್ದ ಮದುವೆಯೆಲ್ಲ ಏಪ್ರಿಲ್‌ಗೆ ಬಂದು ಬಿತ್ತು. ಬೆಳಿಗ್ಗೆ ಒಂದು ಛತ್ರದಲ್ಲಿ ಧಾರೆ, ಸಂಜೆ ಇನ್ನೊಂದು ಕಡೆ ಆರತಕ್ಷತೆ, ಮಾರನೇ ದಿನ ತೇರು. ಬಂದದ್ದನ್ನು ಬಿಟ್ಟರೆ ಆಷಾಢದಲ್ಲಿ ಒಲೆ ಉರಿಯುವುದು ಹೇಗೆ?

ಸಾಲದ್ದಕ್ಕೆ ಆ ವರ್ಷದ ಬಿಸಿಲು. ಬೆಂಗಳೂರಿನಲ್ಲೇ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ನಮ್ಮ ಬಯಲು ಸೀಮೆಯ ಕಾವು ಕೇಳಬೇಕೆ? ಸೆಕೆಯಲ್ಲಿ ನಾಗಸ್ವರದ ಶ್ರುತಿ ಏರುತ್ತದೆ. ಕೊಳವೆಯೊಳಗಿನ ಗಾಳಿ ಕಾದಷ್ಟೂ ಸ್ವರ ಮೇಲಕ್ಕೆ ಹೋಗುತ್ತದೆ, ಪಕ್ಕದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾತ್ರ ಇದ್ದಲ್ಲೇ ಇರುತ್ತದೆ. ಆ ಎರಡರ ನಡುವಿನ ಅಂತರವನ್ನು ತುಟಿಯಲ್ಲೇ ತಗ್ಗಿಸಿ ಹೊಂದಿಸಬೇಕು. ಬಾಯಿಗಿಡುವ ಜೊಂಡಿನ ಪೀಪಿ ಒಣಗಿ ಬಿರಿಯುತ್ತದೆ. ಡೋಲಿನ ಚರ್ಮ ಬಿಗಿದು ನಾದ ಕೀರಲಾಗುತ್ತದೆ. ಭಾವ ನಡುನಡುವೆ ನಟ್ಟು ಸಡಿಲಿಸುತ್ತಾ, ಒದ್ದೆ ಬಟ್ಟೆಯಲ್ಲಿ ಅಂಚು ಒರೆಸುತ್ತಾ ನುಡಿಸಬೇಕು. ಬಲಗೈ ಬೆರಳುಗಳಿಗೆ ಹಾಕಿಕೊಂಡ ಗಟ್ಟಿ ಕವಚದೊಳಗೆ ಬೆವರು ನಿಂತು ಚರ್ಮ ಸುಲಿಯುತ್ತದೆ. ದೇವರ ಮುಂದೆ ಮೈಮೇಲೆ ಅಂಗಿಯಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಇಷ್ಟನ್ನೂ ನಾವು ಕಷ್ಟವೆಂದು ಯಾರ ಹತ್ತಿರವೂ ಹೇಳಿಕೊಂಡವರಲ್ಲ.

ಜೋಡಿಯೆಂದರೆ ಏನು ಎಂಬುದು ಹೊರಗಿನವರಿಗೆ ಗೊತ್ತಾಗುವುದು ಗಟ್ಟಿಮೇಳದಲ್ಲಿ. ಆನಂದಭೈರವಿಯ ಎಲ್ಲೋ ಒಂದು ಕಡೆ ನಾನಿದ್ದೇನೆ, ಪುರೋಹಿತರು ಕೈ ಎತ್ತುತ್ತಾರೆ, ಆ ಕ್ಷಣಕ್ಕೆ ಹಿಡಿದದ್ದನ್ನು ಬಿಟ್ಟು ಇಬ್ಬರೂ ಒಟ್ಟಿಗೆ ಏರಬೇಕು. ಯಾರು ಮೊದಲು ನೋಡಿದರು ಎಂದು ಯಾರಿಗೂ ತಿಳಿಯಬಾರದು. ನನ್ನ ಉಸಿರು ಸೋತರೆ ಭಾವ ಒಂದು ಆವರ್ತ ಹೆಚ್ಚಿಗೆ ನುಡಿಸಿ ನನಗೆ ಬಿಡುವು ಕೊಡುತ್ತಾರೆ. ಅವರ ಹೆಗಲು ಸೋತರೆ ನಾನು ರಾಗ ಎಳೆದು ಅವರ ಕೈಗೆ ಬಿಡುವು ಕೊಡುತ್ತೇನೆ. ಇದನ್ನು ನಾವು ಯಾವತ್ತೂ ಬಾಯಿಬಿಟ್ಟು ಮಾತಾಡಿಕೊಂಡವರಲ್ಲ.

ಭಾವ ಸಾವಿನ ಬಾಗಿಲಿಗೆ ಹೋಗಿ ಬಂದದ್ದು ಆ ವರ್ಷದ ಒಂದು ತೇರಿನಲ್ಲಿ. ಆ ತೇರಿಗೆ ನಮ್ಮನ್ನು ಗೊತ್ತುಮಾಡಿದವನು ನಮ್ಮ ದೊಡ್ಡಪ್ಪನ ಮಗ. ಕಾರ್ಯಕ್ರಮ ಹಿಡಿದುಕೊಡುವುದು, ಮುಂಗಡದಲ್ಲಿ ತನ್ನ ಪಾಲು ಹಿಡಿದುಕೊಳ್ಳುವುದು ಅವನ ಕೆಲಸ. ‘ತೇರು ನೆಲೆ ಸೇರೋ ತನಕ ನುಡಿಸ್ತಾರೆ’ ಎಂದು ನಮ್ಮನ್ನು ಒಂದು ಮಾತು ಕೇಳದೆ ಒಪ್ಪಿ ಬಂದಿದ್ದ. ಹಾಗೆ ಒಪ್ಪುವವನು ಬಿಸಿಲಿಗೆ ನಿಲ್ಲಬೇಕಾಗಿಲ್ಲವಲ್ಲ.

ಚೈತ್ರ ಹುಣ್ಣಿಮೆಯ ಆಸುಪಾಸು. ಉತ್ಸವಮೂರ್ತಿ ತೇರು ಏರುವ ಮುಹೂರ್ತ ನಡುಹಗಲು, ಅಭಿಜಿನ್ ಲಗ್ನ. ನಾವು ಬೆಳಿಗ್ಗೆ ಭೂಪಾಳದಿಂದ ಶುರುಮಾಡಿದವರು ಪ್ರಾಕಾರೋತ್ಸವ ಮುಗಿಸಿ, ಮಲ್ಲಾರಿ ನುಡಿಸಿಕೊಂಡು ದೇವರನ್ನು ತೇರಿಗೆ ತಂದೆವು. ಅರ್ಚಕರು ಹೊತ್ತಿಗೆ ಸರಿಯಾಗಿ ರಥಾರೋಹಣ ಮುಗಿಸಿದರು. ಇನ್ನು ಹಗ್ಗ ಹಿಡಿಯುವುದಷ್ಟೇ ಬಾಕಿ. ಆದರೆ ಮೊದಲು ಹಗ್ಗ ಮುಟ್ಟಬೇಕಾಗಿದ್ದ ತಾಲ್ಲೂಕಿನ ಅಧಿಕಾರಿ ಬಂದಿರಲಿಲ್ಲ. ಚುನಾವಣೆಯ ಕೆಲಸದಲ್ಲಿದ್ದಾರೆ, ಹೊರಟಿದ್ದಾರೆ, ಕ್ರಾಸಿನ ಹತ್ತಿರ ಇದ್ದಾರೆ ಎಂದು ಫೋನಿನ ಮೇಲೆ ಫೋನು. ಚುನಾವಣೆ ಇತ್ತು, ನಿಜ. ಆದರೆ ತಡವಾಗುತ್ತದೆ, ನೀವು ಎಳೆಯಿರಿ ಎಂದು ಆ ಸಾಹೇಬರು ಒಂದು ಮಾತು ಹೇಳಿದ್ದರೆ ಸಾಕಿತ್ತು. ದೇವರ ಮುಹೂರ್ತಕ್ಕಿಂತ ಒಬ್ಬ ನೌಕರರ ಬರುವಿಕೆ ದೊಡ್ಡದೆಂದು ಯಾವ ಆಗಮದಲ್ಲಿದೆ?

ನಾವು ನಿಂತದ್ದು ತೇರಿನ ಮುಂದಿನ ಚಪ್ಪಡಿ ಕಲ್ಲಿನ ಮೇಲೆ. ನೆರಳೆಂಬುದಿಲ್ಲ. ಕಲ್ಲಿಗೆ ಯಾರೋ ಒಂದು ಕೊಡ ನೀರು ಹೊಯ್ದರು, ನೋಡುತ್ತಿದ್ದ ಹಾಗೇ ಆರಿತು. ಅಷ್ಟು ದೂರದಲ್ಲೇ ಅರವಟ್ಟಿಗೆ. ಪಾನಕ, ನೀರುಮಜ್ಜಿಗೆ, ಕೋಸಂಬರಿ ಬಂದವರಿಗೆಲ್ಲ ಕೊಡುತ್ತಿದ್ದಾರೆ. ನಮ್ಮ ಕೈ, ಬಾಯಿ ಎರಡೂ ದೇವರ ಕೆಲಸದಲ್ಲಿ ಸಿಕ್ಕಿಕೊಂಡಿವೆ. ನಾನು ಕೀರ್ತನೆ ಮುಗಿಸಿ ನಾಗಸ್ವರ ಇಳಿಸಿದೆ. ಪಾರುಪತ್ತೇಗಾರರು ಓಡಿಬಂದರು: ‘ನಿಲ್ಲಿಸ್ಬೇಡ್ರಪ್ಪ, ಜನ ಚದುರ್ತಾರೆ, ಸಾಹೇಬ್ರು ಬಂದೇಬಿಟ್ರು.’ ‘ಸ್ವಾಮಿ, ಒಂದು ಗಳಿಗೆ ನೀರು ಕುಡಿದು ಬರ್ತೀವಿ’ ಎಂದೆ. ‘ತೇರಿನ ಮುಂದೆ ಮಂಗಳವಾದ್ಯ ನಿಂತ್ರೆ ಅಪಶಕುನ ಅಂತ ನಿಮಗೆ ಗೊತ್ತಿಲ್ವ?’ ಎಂದು ನನಗೇ ಪಾಠ ಹೇಳಿದರು. ಅಪಶಕುನದ ಮಾತು ತೆಗೆದ ಮೇಲೆ ನಮ್ಮಂಥವರು ಏನು ಹೇಳಲಾದೀತು? ಭಾವ ನನ್ನ ಮುಖ ನೋಡಿ, ‘ಊದ್ಲಾ, ನಾನಿವ್ನಿ’ ಎಂದರು.

ಮತ್ತೆ ಕಲ್ಯಾಣಿ ಹಿಡಿದೆ. ಆದಿತಾಳ. ಒಂದು ಗಂಟೆ ಕಳೆಯಿತು, ಎರಡಕ್ಕೆ ಬಂತು. ಭಾವನ ಎದೆಯ ಮೇಲಿನ ಬೆವರು ನಿಂತುಹೋದದ್ದು ನನ್ನ ಕಣ್ಣಿಗೆ ಬಿತ್ತು. ಬೆನ್ನೆಲ್ಲ ಒಣಗಿ ಕೆಂಪಾಗಿತ್ತು. ಅದಾದ ಸ್ವಲ್ಪ ಹೊತ್ತಿಗೆ, ಮುಕ್ತಾಯ ಹಾಕಿ ಸಮಕ್ಕೆ ಬರಬೇಕಾದ ಕಡೆ ಅವರು ಬರಲಿಲ್ಲ.

ಓದುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಜೀವ ಹಾರಿಹೋಯಿತು. ನಿದ್ದೆಗಣ್ಣಲ್ಲಿ ಬಡಿದರೂ ಸಮ ತಪ್ಪದ ಕೈ ಅದು. ಜ್ವರದಲ್ಲಿ ನುಡಿಸಿದ್ದಾರೆ, ಅವರಪ್ಪ ತೀರಿಕೊಂಡು ಸೂತಕ ಕಳೆದ ಮಾರನೇ ದಿನ ನುಡಿಸಿದ್ದಾರೆ, ಒಂದು ಅಕ್ಷರ ಆಚೀಚೆ ಆಗಿಲ್ಲ. ನಾನು ತಿರುಗಿ ನೋಡಿದೆ. ಕಣ್ಣು ನನ್ನ ಕಡೆ ಇದೆ, ನೋಟ ಇಲ್ಲ. ಕೋಲು ಹಿಡಿದ ಎಡಗೈ ಚರ್ಮದ ಮೇಲೆ ಸುಮ್ಮನೆ ಬೀಳುತ್ತಿದೆ, ಬಲಗೈ ಆಡುತ್ತಿಲ್ಲ. ‘ಭಾವ’ ಎಂದು ಕೂಗಿದೆ. ‘ಛತ್ರದ ಬಾಗ್ಲು ಹಾಕವ್ರೆ, ಒಳಕ್ಕೆ ಹೋಗದೆಂಗೆ?’ ಎಂದರು. ಅಲ್ಲಿ ಛತ್ರವೇ ಇರಲಿಲ್ಲ. ಹೆಗಲಪಟ್ಟಿ ಬಿಚ್ಚಲು ನಾನು ಕೈ ಹಾಕುವಷ್ಟರಲ್ಲಿ ಡೋಲಿನ ಸಮೇತ ಮೊಣಕಾಲೂರಿ ಬಿದ್ದರು. ಮೈ ಮುಟ್ಟಿದರೆ ಕಾದ ಹಂಚು.

ಜನ ಸುತ್ತ ಕವಿದುಕೊಂಡರು. ಒಬ್ಬರು ಕೈಗೆ ಕಬ್ಬಿಣ ಕೊಡಿ ಎಂದರೆ, ಇನ್ನೊಬ್ಬರು ಪಾನಕದ ಲೋಟ ಬಾಯಿಗಿಡಲು ಬಂದರು. ಆಗ ಆರೋಗ್ಯ ಇಲಾಖೆಯ ಮೇಜಿನ ಹತ್ತಿರ ಕೂತಿದ್ದ ಆಶಾ ಕಾರ್ಯಕರ್ತೆಯೊಬ್ಬರು ಜನರನ್ನು ಸೀಳಿಕೊಂಡು ಬಂದರು. ‘ಬಾಯಿಗೆ ಏನೂ ಹಾಕ್ಬೇಡಿ, ಜ್ಞಾನ ಇಲ್ಲ, ಶ್ವಾಸಕ್ಕೆ ಹೋಗುತ್ತೆ’ ಎಂದು ಲೋಟ ಕಿತ್ತುಕೊಂಡರು. ಅರಳಿಕಟ್ಟೆಯ ನೆರಳಿಗೆ ಎತ್ತಿಸಿದರು. ಅರವಟ್ಟಿಗೆಯ ಡ್ರಮ್ಮಿನಲ್ಲಿದ್ದ ಐಸ್ ತರಿಸಿ, ಬಟ್ಟೆಯಲ್ಲಿ ಸುತ್ತಿ ಕತ್ತಿನ ಪಕ್ಕ, ಕಂಕುಳು, ತೊಡೆಸಂದಿಯಲ್ಲಿ ಇಡಿಸಿದರು. ನನ್ನ ಶಲ್ಯ ನೆನೆಸಿ ಎದೆಗೆ ಹಾಕಿ ಬೀಸಣಿಗೆ ಬೀಸಿಸಿದರು. 108ಕ್ಕೆ ಫೋನ್ ಮಾಡಿದವರೂ ಅವರೇ. ಆ ತಾಯಿ ಇಲ್ಲದಿದ್ದರೆ ನಮ್ಮಕ್ಕನ ಕುಂಕುಮ ಅವತ್ತೇ ಅಳಿಯುತ್ತಿತ್ತು. ಆಂಬುಲೆನ್ಸ್ ಜಾತ್ರೆಯ ಜನರ ನಡುವೆ ದಾರಿ ಮಾಡಿಕೊಂಡು ಬರುವ ಹೊತ್ತಿಗೇ ಇನ್ನೊಂದು ಕಡೆಯಿಂದ ಸಾಹೇಬರ ಕಾರೂ ಬಂತು. ತಮಟೆಯವರನ್ನು ಮುಂದೆ ನಿಲ್ಲಿಸಿ ತೇರು ಎಳೆದರು.

ಆಸ್ಪತ್ರೆಯಲ್ಲಿ ಭಾವನ ಜ್ವರ 105 ಡಿಗ್ರಿ ದಾಟಿತ್ತು. ಇದು ಬಿಸಿಲ ಹೊಡೆತ, ಮೈ ತಾನಾಗಿ ತಣ್ಣಗಾಗುವ ಶಕ್ತಿಯನ್ನೇ ಕಳೆದುಕೊಂಡಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಮಿದುಳಿಗೆ ಹೋಗುತ್ತಿತ್ತು ಎಂದರು ಡಾಕ್ಟರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಭಾವ ಮೊದಲು ಕೇಳಿದ್ದು ಡೋಲು ಎಲ್ಲಿದೆ ಎಂದು.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬಾಕಿ ಹಣಕ್ಕೆ ಹೋದಾಗ ದೇವಸ್ಥಾನದ ಗುಮಾಸ್ತರು ಅರ್ಧ ಹಿಡಿದುಕೊಂಡರು. ‘ತೇರು ನೆಲೆ ಸೇರುವಾಗ ವಾಲಗ ಇರಲಿಲ್ಲ’ ಎಂದು ಪುಸ್ತಕದಲ್ಲಿ ಬರೆದಿದ್ದರು. ಇರಲಿಲ್ಲ ಯಾಕೆ ಎಂಬುದನ್ನು ಬರೆದಿರಲಿಲ್ಲ.

ನೀವೇ ನಿಲ್ಲಿಸಬಹುದಿತ್ತಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ದೇವರು ತೇರಿನ ಮೇಲೆ ಕೂತಿರುವಾಗ, ಸಾವಿರಾರು ಜನ ನೋಡುತ್ತಿರುವಾಗ, ವಾಲಗದವನು ತಾನಾಗಿ ನಿಲ್ಲಿಸಿದರೆ ಆ ಊರಿನ ಮಳೆ ತಪ್ಪಿದರೂ ಅವನ ತಲೆಗೇ ಬರುತ್ತದೆ. ಮುಂದಿನ ವರ್ಷದ ಕರೆಯೂ ಹೋಗುತ್ತದೆ. ನಿಲ್ಲಿಸಿ ಎನ್ನುವ ಅಧಿಕಾರ ಇದ್ದವರು ನೆರಳಲ್ಲಿ ಕೂತಿದ್ದರು. ಆದ್ದರಿಂದ ಈಗ ಆ ಅಧಿಕಾರವನ್ನು ನಾವು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳುತ್ತೇವೆ.

ಹೊಸಬರಿಗೆ ಹೇಳುವುದಿಷ್ಟು. ಯುಗಾದಿಯ ದಿನವೇ ಪಂಚಾಂಗ ತೆರೆದು ಮೌಢ್ಯ, ಅಧಿಕಮಾಸ ಎಲ್ಲಿ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. 2026ರಲ್ಲಿ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅಧಿಕ ಜ್ಯೇಷ್ಠ. ಅಂಥ ವರ್ಷ ಉಳಿದ ದಿನಗಳ ಮೇಲೆ ಒತ್ತಡ ಬೀಳುತ್ತದೆ, ದರವನ್ನು ಅದಕ್ಕೆ ತಕ್ಕಂತೆ ಮೊದಲೇ ಹೇಳಿ. ಶುರುವಾಗುವ ಹೊತ್ತಿನ ಜೊತೆಗೆ ಮುಗಿಯುವ ಹೊತ್ತನ್ನೂ ಬರೆಸಿಕೊಳ್ಳಿ. ಮಧ್ಯವರ್ತಿ ನೆಂಟನಾದರೂ ನಿಮ್ಮ ಬದಲು ಒಪ್ಪಿಕೊಳ್ಳಲು ಬಿಡಬೇಡಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಒಯ್ಯಿರಿ, ಬಾಯಾರುವ ಮೊದಲೇ ಕುಡಿಯಿರಿ. ಜೊತೆಗಾರನ ಬೆವರು ನಿಂತರೆ, ಮಾತು ತಪ್ಪಿದರೆ, ತಾಳ ತಪ್ಪಿದರೆ ಆ ಕ್ಷಣವೇ ನೆರಳಿಗೆ ಕರೆದೊಯ್ಯಿರಿ, ತಣ್ಣೀರು, ಐಸ್, 108. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡ್ ಮಾಡಿಸಿಟ್ಟುಕೊಳ್ಳಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶವಿದೆ.

ಭಾವ ಮತ್ತೆ ನುಡಿಸುತ್ತಿದ್ದಾರೆ. ನಡುಹಗಲಿನ ಬಯಲು ಕೆಲಸಕ್ಕೆ ಡಾಕ್ಟರು ಬೇಡವೆಂದಿದ್ದಾರೆ, ಬೆಳಗಿನ ಧಾರೆ, ಇಳಿಹೊತ್ತಿನ ಉತ್ಸವ ನಮ್ಮವು. ತೇರಿಗೆ ಕರೆಯಲು ಬಂದವರಿಗೆ ನಾನು ಹೇಳುವುದು ಒಂದೇ: ಎರಡು ಜೋಡಿ ಕರೆಸಿ, ಗಂಟೆಗೊಮ್ಮೆ ಬದಲಾಯಿಸಿ. ಇನ್ನೊಂದು ಜೋಡಿಗೆ ದುಡ್ಡಿಲ್ಲವೆಂದರೆ ನಮ್ಮ ಸಂಭಾವನೆಯಲ್ಲೇ ಪಾಲು ಕೊಟ್ಟು ನಾವೇ ಕರೆತರುತ್ತೇವೆ. ಇದಕ್ಕೆ ಒಪ್ಪಿದ ಊರುಗಳಿವೆ. ಅಲ್ಲಿ ಸಾಹೇಬರು ತಡವಾಗಿ ಬಂದರೂ ವಾಲಗ ನಿಲ್ಲುವುದಿಲ್ಲ, ವಾಲಗದವರೂ ಬೀಳುವುದಿಲ್ಲ.