ಕೋಳಿಯ ಪುಕ್ಕ ಏಕೆ ಉದುರುತ್ತದೆ?



ಕೋಳಿ ಸಾಕುವ ಕೆಲಸ ನಮ್ಮಲ್ಲಿ ಹೆಚ್ಚಾಗಿ ಮನೆಯ ತಾಯಂದಿರ ಕೈಯಲ್ಲಿದೆ. ಆದುದರಿಂದ ಈ ಪಾಠವನ್ನು ಅವರಿಗೂ ಓದಿ ಹೇಳಿರಿ.

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂದಾಗ ಖಾನಾಪುರದ ಸಂತೆಗೆ ಪುಕ್ಕ ಉದುರಿದ ಜವಾರಿ ಕೋಳಿಗಳು ಬರುವದುಂಟು. ರೋಗ ಬಂದಿದೆ, ಸಾಯುವ ಮೊದಲು ಮಾರಿಬಿಡೋಣವೆಂದು ತಂದಿರುತ್ತಾರೆ. ವ್ಯಾಪಾರಿಯು ಕಡಿಮೆ ಬೆಲೆಗೆ ಕೊಂಡು ಬೆಳಗಾವಿಗೆ ಒಯ್ಯುತ್ತಾನೆ. ಆದರೆ ಆ ಕೋಳಿಗಳಲ್ಲಿ ಹಲವಕ್ಕೆ ರೋಗವೇ ಇರುವದಿಲ್ಲ. ಹಾವು ಪೊರೆ ಬಿಡುವಂತೆ ಕೋಳಿಯು ವರ್ಷಕ್ಕೊಮ್ಮೆ, ಹಗಲು ಚಿಕ್ಕದಾಗುವ ಕಾಲದಲ್ಲಿ, ಹಳೆಯ ಗರಿ ಬಿಡುತ್ತದೆ. ಮೊದಲು ತಲೆ ಮತ್ತು ಕುತ್ತಿಗೆ, ಆಮೇಲೆ ಎದೆ, ಬೆನ್ನು, ಕೊನೆಗೆ ರೆಕ್ಕೆ ಮತ್ತು ಬಾಲ. ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುವದೂ ಸಹಜ. ಬೋಳಾದ ಜಾಗದಲ್ಲಿ ಮುಳ್ಳಿನಂಥ ಹೊಸ ಗರಿಯ ಮೊಳಕೆ ಕೈಗೆ ಹತ್ತಿದರೆ ಚಿಂತೆ ಬೇಡ. (ಹುಟ್ಟಿನಿಂದಲೇ ಬೋಳು ಕುತ್ತಿಗೆಯ ಜಾತಿಯೊಂದಿದೆ, ಅದರ ಮಾತು ಬೇರೆ.)

ಗರಿಯಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಸಸಾರಜನಕವೇ ಇದೆ. ಬರೀ ಅಕ್ಕಿಯ ನುಚ್ಚು ಹಾಕಿದರೆ ಹೊಸ ಗರಿ ಬೇಗ ಬರಲಾರದು. ಉಪ್ಪಿಲ್ಲದ ಒಣ ಮೀನಿನ ಪುಡಿ, ಗೆದ್ದಲು, ಶೇಂಗಾ ಹಿಂಡಿ ಕೊಡಿರಿ. ನಮ್ಮ ತಾಲೂಕಿನ ತಂಪಿನಲ್ಲಿ ಹಿಂಡಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಹಿಂಡಿ ಕೋಳಿಗೆ ವಿಷ; ಅದನ್ನು ತಿಪ್ಪೆಗೆ ಸಹ ಎಸೆಯಬೇಡಿರಿ, ಕೋಳಿ ಕೆದರಿ ತಿನ್ನುತ್ತದೆ.

ಬೆನ್ನು ಮತ್ತು ತಲೆಯ ಹಿಂಭಾಗ ಮಾತ್ರ ಬೋಳಾಗಿದ್ದರೆ ಅದು ಹುಂಜದ ಕೆಲಸ. ಎಂಟು ಹತ್ತು ಹ್ಯಾಟೆಗಳಿಗೆ ಒಂದೇ ಹುಂಜ ಸಾಕು. ಗುದದ್ವಾರದ ಸುತ್ತ ಗರಿ ಹೋಗಿದ್ದರೆ ಕೋಳಿಯನ್ನು ಬಿಸಿಲಿಗೆ ಹಿಡಿದು ಪುಕ್ಕ ಬಿಡಿಸಿ ನೋಡಿರಿ. ಹಳದಿ ಬಣ್ಣದ ಹೇನು ಓಡಾಡುವದು. ಗರಿಯ ಬುಡಕ್ಕೆ ಬಿಳಿಯ ಮೊಟ್ಟೆಗಳ ಗಂಟು ಅಂಟಿರುವದು. ಗಾಯವಿದ್ದರೆ ಇತರ ಕೋಳಿಗಳು ಕುಕ್ಕಿವೆ. ಆ ಕೋಳಿಯನ್ನು ಬೇರೆ ಇಡಿರಿ.

ಇನ್ನು ಎಲ್ಲಕ್ಕಿಂತ ಮೋಸದ ಶತ್ರುವೆಂದರೆ ಕೆಂಪು ನುಸಿ. ಇದರ ವಿಷಯದಲ್ಲಿ ನಾನೇ ತಪ್ಪಿದ್ದೇನೆ. ಜಾಂಬೋಟಿ ಕಡೆಯ ಹಳ್ಳಿಯೊಂದರಲ್ಲಿ ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತ ಹ್ಯಾಟೆಯೊಂದರ ಎದೆ ಬೋಳಾಗಿತ್ತು. ಕಾವಿನ ಕೋಳಿ ಎದೆಯ ಗರಿಯನ್ನು ತಾನೇ ಕಿತ್ತುಕೊಳ್ಳುವದು ಸಹಜವೆಂದು ಹೇಳಿ ಬಂದೆ. ಆ ಮನೆಯ ಅಜ್ಜಿ, “ತಮ್ಮಾ, ಉಳಿದ ಕೋಳಿ ಸಂಜೀಮುಂದ ಗೂಡಿನ್ಯಾಗ ಹೋಗವಲ್ಲವು, ಗಿಡಾ ಏರತಾವ” ಎಂದಳು. ನಾನು ಆ ಮಾತಿಗೆ ಲಕ್ಷ್ಯ ಕೊಡಲಿಲ್ಲ. ಕೋಳಿಯ ಜುಟ್ಟು ಬಿಳಿಚಿದ್ದನ್ನೂ ನೋಡಲಿಲ್ಲ. ಎಂಟು ದಿನದಲ್ಲಿ ಹ್ಯಾಟೆ ಮೊಟ್ಟೆಯ ಮೇಲೆಯೇ ಸತ್ತಿತು. ಬುಟ್ಟಿಯ ಹುಲ್ಲು ಎತ್ತಿದರೆ ಕೆಳಗೆಲ್ಲ ನುಸಿ.

ಈ ನುಸಿಯು ಹಗಲು ಕೋಳಿಯ ಮೈಮೇಲೆ ಸಿಗುವದು ಅಪರೂಪ. ಹಲಗೆಯ ಬಿರುಕು, ಕೋಲಿನ ತುದಿ, ಬುಟ್ಟಿಯ ಹೆಣಿಗೆಯಲ್ಲಿ ಅಡಗಿದ್ದು, ರಾತ್ರಿ ಹೊರಬಿದ್ದು ರಕ್ತ ಹೀರುತ್ತದೆ. ಆದುದರಿಂದ ಊಟವಾದ ಮೇಲೆ ಬ್ಯಾಟರಿ ಹಿಡಿದು ಗೂಡಿಗೆ ಹೋಗಿರಿ. ಕೋಳಿ ಕೂಡುವ ಕೋಲಿನ ಕೆಳಬದಿಯನ್ನು ಬಿಳಿ ಅರಿವೆಯಿಂದ ಒರೆಸಿರಿ. ಅರಿವೆಗೆ ರಕ್ತದ ಗೆರೆ ಹತ್ತಿದರೆ ಗುರುತು ಸಿಕ್ಕಿತು.

ಹೇನಿಗೆ ಬೂದಿಯ ಸ್ನಾನ ಒಳ್ಳೆಯದು. ಆರಿದ ಕಟ್ಟಿಗೆಯ ಬೂದಿಯನ್ನು ಜರಡಿ ಹಿಡಿದು ಒಣ ಮರಳು ಕೂಡಿಸಿ, ಮಳೆ ತಾಗದ ಪಡಸಾಲೆಯ ಮೂಲೆಯಲ್ಲಿ ಅಗಲ ಬುಟ್ಟಿಗೆ ತುಂಬಿಡಿರಿ. ಹಸಿಯಾದ ಬೂದಿ ಚರ್ಮ ಸುಡುತ್ತದೆ. ಹೇನು ಬಹಳವಿದ್ದರೆ ಪಶು ಆಸ್ಪತ್ರೆಯಲ್ಲಿ ಕೋಳಿಗೆಂದೇ ಇರುವ ಔಷಧಿ ಕೇಳಿರಿ. ಔಷಧಿಗೆ ಹೇನಿನ ಮೊಟ್ಟೆ ಸಾಯುವದಿಲ್ಲ. ಅದಕ್ಕೆ ಏಳರಿಂದ ಹತ್ತು ದಿನದೊಳಗೆ ಮತ್ತೊಮ್ಮೆ ಹಚ್ಚುವದು ಅವಶ್ಯ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮಾತ್ರ ಕೋಳಿಗೆ ಮುಟ್ಟಿಸಬೇಡಿರಿ. ಹಿಂದಿನವರು ಬಿ.ಎಚ್.ಸಿ. ಪುಡಿ ಉದುರಿಸುತ್ತಿದ್ದರು, ಅದು 1997ರಲ್ಲಿಯೇ ನಿಷೇಧವಾಗಿದೆ.

ನುಸಿಗೆ ಕೋಳಿಗಿಂತ ಮೊದಲು ಗೂಡಿನ ಚಿಕಿತ್ಸೆಯಾಗಬೇಕು. ಕೋಳಿಗಳನ್ನು ಹೊರಗೆ ಬಿಟ್ಟು, ಹಳೆಯ ಹುಲ್ಲನ್ನು ದೂರ ಒಯ್ದು ಸುಡಿರಿ. ಕೋಲು, ಹಲಗೆಗಳಿಗೆ ಕುದಿಯುವ ನೀರು ಸುರಿಯಿರಿ. ಬಿರುಕುಗಳಿಗೆ ಮಣ್ಣು ಮೆತ್ತಿ ಸುಣ್ಣ ಹಚ್ಚಿರಿ. ಸುಣ್ಣ ಪೂರ್ತಿ ಒಣಗಿದ ಮೇಲೆಯೇ ಕೋಳಿ ಒಳಗೆ ಹೋಗಲಿ. ಒಂದು ವಾರಕ್ಕೆ ಇದನ್ನೇ ಇನ್ನೊಮ್ಮೆ ಮಾಡಿರಿ. ಗೂಡು ಖಾಲಿ ಬಿಟ್ಟರೆ ನುಸಿ ಸಾಯುತ್ತದೆಂದು ತಿಳಿಯಬೇಡಿರಿ. ಅದು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹೆಣೆದ ಹಳೆಯ ಬುಟ್ಟಿಯನ್ನು ಸುಟ್ಟುಬಿಡುವದೇ ಲೇಸು. ನಾವು ಆ ಅಜ್ಜಿಯ ಬುಟ್ಟಿಯನ್ನು ಹಾಗೆಯೇ ಸುಟ್ಟೆವು. ಮೂರನೆಯ ವಾರಕ್ಕೆ ಉಳಿದ ಐದು ಕೋಳಿಗಳು ಗಿಡ ಬಿಟ್ಟು ಗೂಡಿಗೆ ಬಂದವು.

ಸಂತೆಯಿಂದ ಹೊಸ ಕೋಳಿ ತಂದರೆ ಹದಿನೈದು ದಿನ ಬೇರೆ ಬುಟ್ಟಿಯಲ್ಲಿ ಇಟ್ಟು, ರಾತ್ರಿ ಒಮ್ಮೆ ಬ್ಯಾಟರಿ ಹಿಡಿದು ನೋಡಿದ ಮೇಲೆ ಹಳೆಯ ಕೋಳಿಗಳೊಂದಿಗೆ ಕೂಡಿಸಿರಿ.